ಹಲ್ಲು ಕಾಣಬಾರದು

ರಸೆಲ್ ಮಾರ್ಕೆಟ್ಟಿನ ಹಿಂದೆ, ಒಣಮೀನಿನ ಅಂಗಡಿ ದಾಟಿ
ಮೂರು ಮೆಟ್ಟಿಲು ಹತ್ತಿದರೆ ನನ್ನ ಸ್ಟುಡಿಯೋ.
ಬಿಳಿ ಪರದೆಯ ಮುಂದೆ ಜನರನ್ನು ಕೂರಿಸಿ
ಇಪ್ಪತ್ತಾರು ವರ್ಷದಿಂದ ಒಂದೇ ಮಂತ್ರ:
ಗದ್ದ ಸ್ವಲ್ಪ ಕೆಳಗೆ. ನಗಬೇಡಿ. ಹಲ್ಲು ಕಾಣಬಾರದು.

ಮೆಟ್ಟಿಲು ಹತ್ತುವಾಗ ಇದ್ದ ಮುಖ
ಸ್ಟೂಲಿನ ಮೇಲೆ ಇರುವುದಿಲ್ಲ.
ಯಾರದೋ ತಪ್ಪನ್ನು ತಾವು ಒಪ್ಪಿಕೊಂಡವರ ಹಾಗೆ
ಕ್ಯಾಮೆರಾ ನೋಡುತ್ತಾರೆ.
ನೋಡಿ ನೋಡಿ ನಾನೂ ಹಾಗೇ ಆದೆ.
ಭಾನುವಾರದ ಪೂಜೆಯಲ್ಲಿ ಶಾಂತಿ ಹಂಚಿಕೊಳ್ಳಿ ಎಂದಾಗ
ಪಕ್ಕದವರ ಕಿವಿಗೋ ಕಂಬಕ್ಕೋ ಕೈಮುಗಿದು ಮುಗಿಸುವವನು.

ಬೂದಿ ಬುಧವಾರ, ಹನ್ನೊಂದರ ಬಿಸಿಲು. ಬಂದಳು ಚೌರಮ್ಮ,
ಆಸ್ಪತ್ರೆಯ ಮಕ್ಕಳ ವಾರ್ಡು ಗುಡಿಸಿ ರಿಟೈರಾದವಳು.
ಹಣೆಯಲ್ಲಿ ಬೂದಿಯ ಶಿಲುಬೆ,
ತಲೆಯಲ್ಲಿ ಮಿರಮಿರ ಕೊಬ್ಬರಿ ಎಣ್ಣೆ.
‘ಉಪವಾಸ ಅಲ್ವಾ ಇವತ್ತು?’
‘ಅದಕ್ಕೇ ಕಣೋ ಇನ್ನಾಸಿ ಎಣ್ಣೆ.
ಹಸಿದಿದ್ದೀನಿ ಅಂತ ಮುಖಕ್ಕೆ ಬೋರ್ಡು ತಗುಲಿಸ್ಕೊಂಡು ತಿರುಗಿದ್ರೆ
ಯೇಸಪ್ಪನಿಗೆ ಹಿಡಿಸಲ್ಲ.’

ಚೀಲದಿಂದ ಅಳತೆಯ ಚೀಟಿ ತೆಗೆದಳು:
ಕಲ್ಪಳ್ಳಿಯ ಗೋರಿಗೆ ಕೂರಿಸುವ ಪಿಂಗಾಣಿ ಬಿಲ್ಲೆ.
ಗಂಡನದು ಆಗಲೇ ಅಲ್ಲಿದೆ. ಮಾಡಿದವನು ನಾನೇ,
ಬಸ್ ಪಾಸಿನ ಫೋಟೋ ಹಿಗ್ಗಿಸಿ. ಗಂಟಿಕ್ಕಿದ ಹುಬ್ಬು.
‘ನಲವತ್ತು ವರ್ಷ ನಗಿಸಿದ್ದೀನಿ ಆ ಮನುಷ್ಯನ್ನ.
ಕಲ್ಲಲ್ಲಿ ನೋಡಿದ್ರೆ ಬಾಡಿಗೆ ವಸೂಲಿಗೆ ಬಂದವನ ಹಾಗಿದಾನೆ.
ಪಕ್ಕದಲ್ಲಿ ನಾನಾದ್ರೂ ನಗ್ತಿರಬೇಕು.
ಎಬ್ಬಿಸೋಕೆ ಬಂದವನಿಗೆ ಗುರುತು ಸಿಗಬೇಕಲ್ಲ.’

ಬೂದಿ ಒರೆಸಲು ಹತ್ತಿ ಎತ್ತಿದೆ.
‘ಬಿಡು. ಮಣ್ಣು ಅನ್ನೋದೂ ಬರಲಿ.
ಮಣ್ಣು ನಕ್ಕಿದ್ದೂ ಬರಲಿ.’

ಕೂತಳು. ಲೈಟು ಹಾಕಿದೆ.
ಅಭ್ಯಾಸಬಲ, ಬಾಯಿ ತಾನಾಗಿ ಅಂದುಬಿಟ್ಟಿತು:
ನಗಬೇಡಿ. ಹಲ್ಲು ಕಾಣಬಾರದು.
‘ಇದ್ರೆ ತಾನೆ ಕಾಣೋದು!’ ಎಂದು ಬಾಯಿ ತೆರೆದಳು.
ಮೇಲೆ ಎರಡು, ಕೆಳಗೆ ಒಂದು,
ನಡುವೆ ಇಡೀ ಶಿವಾಜಿನಗರ ಹಿಡಿಸುವಷ್ಟು ಜಾಗ.
ನನ್ನ ಕೈ ಕುಲುಕಿ ಮೊದಲ ಮೂರು ಫೋಟೋ ಮಸುಕು.

ಪ್ರಿಂಟು ಬರುವ ತನಕ ಹೇಳಿದಳು:
ಡಾಕ್ಟರು ಬಾಗಿಲು ದಾಟುವ ಮುಂಚೆಯೇ
ತಾಯಂದಿರು ಓದುತ್ತಿದ್ದುದು ಅವಳ ಮುಖವನ್ನಂತೆ;
ಪೊರಕೆಯವಳಿಗೆ ನಿಜ ಗೊತ್ತಿರುತ್ತದೆಂದು.
‘ಆರನೇ ಬೆಡ್ಡಿನ ಹುಡುಗಿ ಹೋದ ದಿನ
ಬಕೆಟ್ಟಿಡೋ ರೂಮಲ್ಲಿ ಕೂತು ಅತ್ತೆ.
ಆಮೇಲೆ ಏಳನೇ ಬೆಡ್ಡಿಗೆ ಹೋಗಬೇಕಿತ್ತಲ್ಲ.
ಸುಳ್ಳು ನಗು ಮಕ್ಕಳ ಹತ್ರ ನಡೆಯಲ್ಲ, ಇನ್ನಾಸಿ.
ಮುಖ ತೊಳೆದು ಕೇಳಿದೆ: ಅಪ್ಪಾ, ನನ್ನದು ಮುಗಿದಿದೆ,
ನಿನ್ನದರಲ್ಲಿ ಒಂಚೂರು ಕೊಡು.’

‘ಕೇಳಿದಾಗಲೆಲ್ಲ ಕೊಟ್ಟನಾ?’

‘ಇಲ್ಲ. ಕೊಡದ ದಿನ ಸುಮ್ಮನೆ ಗುಡಿಸಿದೆ.’

ಅವಳು ಹೋದ ಮೇಲೆ ಬೆಸಿಲಿಕಾದ ಗಂಟೆ, ಮಸೀದಿಯ ಕೂಗು,
ಹಿಂದೆಯೇ ಹಜ್ಜಿಗೆ ಹೊರಟ ಪಂಕ್ಚರ್ ಅಂಗಡಿಯ ಮುದುಕ.
ಗದ್ದ ಕೆಳಗೆ. ನಗಬೇಡಿ. ಆಯಿತು.
ಅವನು ಏಳುವಷ್ಟರಲ್ಲಿ ಅಂದೆ: ‘ಇನ್ನೊಂದು ತೆಗೀತೀನಿ, ದುಡ್ಡು ಬೇಡ.
ಈಗ ನಗಿ.’
ಅವನಿಗೆ ಹೇಗೆಂದು ತಿಳಿಯಲಿಲ್ಲ.
ಕ್ಯಾಮೆರಾ ಬಿಟ್ಟು ನನ್ನ ಮುಖ ನೋಡುತ್ತ ಕೂತ.

ಮೊದಲು ನಾನು ಶುರುಮಾಡಬೇಕಾಯಿತು.