ಎಡಗೈಯ ಅಳತೆ

ಅಳೆಯಲು ಹೋಗಿದ್ದೆ, ಅಷ್ಟೇ.
ಕುತಾಯಿಸಿಯ ಹಳೇ ಕಟ್ಟಡ, ನಾಲ್ಕನೇ ಮಹಡಿ.
ಲಿಫ್ಟಿಗೆ ಕಾಸು ಹಾಕಬೇಕು,
ಹಾಕಿದರೂ ಮನಸ್ಸಿದ್ದರೆ ಏರುತ್ತದೆ.
ಕಿಟಕಿಯಾಚೆ ರಿಯೋನಿ ನದಿ,
ಅಕ್ಕಿ ತೊಳೆದ ನೀರಿನ ಬಣ್ಣ.

ಗುರಾಂದಾಗೆ ಅರವತ್ತೆರಡು.
ಅತ್ತೆ ತೀರಿ ನಲವತ್ತು ದಿನದ ಊಟವೂ ಮುಗಿದಿದೆ.
ಕಾಳಿನ ಡಬ್ಬಿಯ ತಳದಿಂದ ನೋಟು ತೆಗೆದು,
ಅಂಟಿದ ಹೊಟ್ಟು ಊದಿ, ಎಣಿಸಿಟ್ಟಳು:
"ಎಲ್ಲ ಕಿತ್ತುಹಾಕು ಎಮ್ಜಾರ್, ಹೊಸದು ಮಾಡು."

ಹೊಸದು ಅಂದರೆ ನನಗೆ ಗೊತ್ತು.
ಬಿಳಿ ಹಲಗೆ, ಸದ್ದಿಲ್ಲದೆ ಮುಚ್ಚುವ ಡ್ರಾಯರು,
ಸಿಂಕಿನ ಬಲಕ್ಕೆ ಕಟ್ಟೆ, ಕಟ್ಟೆಯ ಬಲಕ್ಕೆ ಒಲೆ.
ಮೂವತ್ತು ವರ್ಷದಿಂದ ಇದೇ ಮಗ್ಗಿ.
ಟೇಪು ಎಳೆದೆ: ಎರಡು ಮೀಟರು ನಲವತ್ತು.
ಗೋಡೆ ಸೊಟ್ಟ.
ಕಟ್ಟಿದವರೂ ನನ್ನಪ್ಪನೂ ಒಟ್ಟಿಗೆ ಕುಡಿಯುತ್ತಿದ್ದರು,
ಹಾಗಾಗಿ ಏನೂ ಅನ್ನಲಿಲ್ಲ.

ಅವಳು ಕಾಫಿಗಿಟ್ಟಳು. ನಾನು ನಕ್ಷೆ ಗೀಚಿದೆ.
ಒಲೆಯ ಪಕ್ಕ ಮಣ್ಣಿನ ಹೂಜಿ, ಅದರಲ್ಲಿ ಮರದ ಸೌಟುಗಳು.
ಮರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.
ಆರರಲ್ಲಿ ನಾಲ್ಕು ಎಡ ಅಂಚಿನಲ್ಲಿ ಸವೆದಿದ್ದವು,
ಲೋಕದ ಸೌಟುಗಳೆಲ್ಲ ಸವೆಯುವ ಹಾಗೆ.
ಎರಡು ಮಾತ್ರ ಬಲ ಅಂಚಿನಲ್ಲಿ,
ಕನ್ನಡಿಯೊಳಗಿನಿಂದ ಎತ್ತಿಕೊಂಡು ಬಂದವರ ಹಾಗೆ.

"ಅವು ನನ್ನವು," ಅಂದಳು,
ಕದ್ದು ಸಿಕ್ಕಿಬಿದ್ದ ದನಿಯಲ್ಲಿ.

ಶಾಲೆಯಲ್ಲಿ ಟೀಚರು ಕೆಂಪು ರಿಬ್ಬನ್ನಿನಿಂದ ಆ ಕೈ ಕಟ್ಟುತ್ತಿದ್ದರಂತೆ.
ಮದುವೆಯಾಗಿ ಬಂದ ಮನೆಯಲ್ಲಿ ಯಾರೂ ಕಟ್ಟಲಿಲ್ಲ.
ಅಡುಗೆಮನೆಯೇ ಕಟ್ಟಿತು.
ಬಾಗಿಲುಗಳು ಅವಳ ಮುಖಕ್ಕೇ ತೆರೆಯುತ್ತಿದ್ದವು,
ಸಾರಿನ ಸೌಟಿನ ತುಟಿ ಆಚೆ ಬದಿಗೇ ಸುರಿಯುತ್ತಿತ್ತು,
ಒಣ ಚೆಂಡುಹೂವಿನ ಪುಡಿಗೆ ಕೈ ಚಾಚಬೇಕಾದರೆ
ಕುದಿಯುವ ಪಾತ್ರೆ ದಾಟಿಯೇ ಚಾಚಬೇಕು.
ಮೊಣಕೈ ಕೆಳಗೆ ತೋರಿಸಿದಳು, ಸುಟ್ಟ ಗೆರೆಗಳು,
ಒಂದರ ಮೇಲೊಂದು, ನನ್ನ ಟೇಪಿನ ಗೆರೆಗಳಂತೆ.
ನಲವತ್ತೊಂದು ವರ್ಷ ಎಡವುತ್ತ, ಎಡವುತ್ತ
ಎಲ್ಲರಿಗೂ ಎಡೆ ಬಡಿಸಿದ ಕೈ.

"ಅತ್ತೆ ಕೆಟ್ಟವಳಲ್ಲ," ಅಂದಳು.
"ಎಡಗೈಯಲ್ಲಿ ಅರೆದರೆ ಅಕ್ರೋಟು ಎಣ್ಣೆ ಬಿಡುವುದಿಲ್ಲ ಅನ್ನುತ್ತಿದ್ದಳು.
ನಾನು ಅರೆದದ್ದನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದಳು."

ಒಲೆಯ ಮೇಲೆ ಕಾಫಿ ಉಕ್ಕಿತು. ಇಬ್ಬರೂ ನೋಡಲಿಲ್ಲ.

ನಕ್ಷೆಯ ಹಾಳೆಯನ್ನು ಹರಿಯಲು ಹೊರಟಿದ್ದೆ.
ಯಾಕೋ ಎತ್ತಿ ಕಿಟಕಿಗೆ ಹಿಡಿದೆ, ಹಿಂದುಮುಂದಾಗಿ.
ಬೆಳಕಿನಲ್ಲಿ ಗೆರೆಗಳು ಈಚೆ ಮೂಡಿದವು,
ಒಲೆ ಎಡಕ್ಕೆ, ಕಟ್ಟೆ ಎಡಕ್ಕೆ, ಎಲ್ಲ ಬಾಗಿಲೂ ಆ ಕಡೆಗೆ.
ಹಾಳೆಯ ಬೆನ್ನಿನಲ್ಲಿ
ಅವಳ ಅಡುಗೆಮನೆ ಆಗಲೇ ಬರೆದಾಗಿತ್ತು.

ಆಮೇಲೆ ಅವಳ ಬಾಯಿಗೆ ತಡೆಯಿರಲಿಲ್ಲ.
ರೊಟ್ಟಿ ಸುಡುವ ಮಣ್ಣಿನ ಕಾವಲಿಗಳು ಸೊಂಟದ ಎತ್ತರಕ್ಕೆ,
ಹುಳಿಪ್ಲಮ್ಮಿನ ಬಾಟಲಿಗಳು ಕತ್ತಲೆ ಮೂಲೆಗೆ,
ಚಾಕು ಇಲ್ಲಿ, ಅಲ್ಲಲ್ಲ, ಇಲ್ಲಿ,
ಎಂದು ಗಾಳಿಯಲ್ಲಿ ಕೈಯಿಟ್ಟು ತೋರಿಸಿದಳು.
ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಲು ಹೋಗಿ
ಗೋಡೆ ಸಿಗದೆ ನಕ್ಕೆ.

ಬಾಗಿಲ ಬಲಕ್ಕೆ ಒಂದು ಮೊಳೆ, ಬೆಳ್ಳುಳ್ಳಿ ಜಡೆ ತೂಗುತ್ತಿತ್ತು.
ಕೀಳಲು ಹೋದೆ. "ಬೇಡ," ಅಂದಳು,
"ಅದು ಅವಳದು. ಅವಳಿಗೂ ಒಂದು ಕೈ ಇರಲಿ ಇಲ್ಲಿ."

ಮನೆಗೆ ಬಂದಾಗ ಲಾಮಾರಾ ಸಕ್ಕರೆ ಇಳಿಸುತ್ತಿದ್ದಳು.
ಆ ಕಪಾಟು ನಾನೇ ಮಾಡಿದ್ದು, ಚೆಸ್ಟ್‌ನಟ್ ಮರದ್ದು,
ನನ್ನ ಭುಜಕ್ಕೆ ಸರಿಯಾಗಿ.
ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತೇನೆ.
ಅವಳು ಸ್ಟೂಲು ಎಳೆದು, ಹತ್ತಿ, ಇಳಿದು,
ಕಾಲಿನಿಂದ ಅದನ್ನು ಮೇಜಿನಡಿಗೆ ತಳ್ಳಿದಳು.

ಇಪ್ಪತ್ತಾರು ವರ್ಷ
ಅದು ಕೂರಲಿಕ್ಕೆ ಅಂದುಕೊಂಡಿದ್ದೆ.