ಬುಧವಾರದ ಜೆರಾಕ್ಸ್

ಬುಧವಾರ ಸಂಜಿ ಏಳಕ್ಕ ಶಟರ್ ಅರ್ಧ ಇಳಸತೀನಿ.
ಪೂರ್ತಿ ಇಳಿಸಿದ್ರ ಉಸಿರು ಕಟ್ಟತೈತಿ,
ಪೂರ್ತಿ ತಗದ್ರ ಆಧಾರ್ ಕಾರ್ಡಿನವರು ಬರತಾರ.
ಆ ಅರ್ಧದ ಕೆಳಗ ಬಗ್ಗಿ ಒಳಗ ಬರತಾರ ಹೆಂಗಸರು,
ಮಡಗಾಂವ ಮಾರ್ಕೆಟಿನ ಒಣಮೀನ ವಾಸನಿ ಚೀಲದಾಗ,
ಪ್ಲಾಸ್ಟಿಕ್ ಫೈಲು ಎದಿಗೆ ಅವಚಿಕೊಂಡು.

ಎರ್ಮೆಲಿಂಡಾನ ಗಂಡಂದು ಪೋರ್ತುಗೀಸ್ ಪಾಸ್‌ಪೋರ್ಟು,
ಇಂಗ್ಲೆಂಡಿನ್ಯಾಗ ಕೋಳಿ ಕೊಯ್ಯೋ ಕಾರ್ಖಾನಿ, ರಾತ್ರಿ ಪಾಳಿ.
ಸಂಬಳ ಸಾಲದಂತ.
ಅವನ ಊಟಕ್ಕ ಸಾಲತೈತಿ, ಬಾಡಿಗಿಗೆ ಸಾಲತೈತಿ,
ಇಲ್ಲಿಗೆ ಕಳಸಾಕೂ ನಾಕು ದುಡ್ಡು ಉಳೀತೈತಿ.
ಹೆಂಡತಿ ಜೋಡಿ ಇರಾಕ ಸಾಲದಂತ.

ಪಿಯೆದಾದಗ ಬ್ಯಾರೆ ಪತ್ರ:
ನಿಮ್ಮದು ಖರೇ ಸಂಸಾರ ಅನ್ನಾಕ ಪುರಾವೆ ಕೊಡ್ರಿ.
ಎರಡುನೂರಾ ಹದಿನಾಕು ಪುಟ ವಾಟ್ಸಾಪು,
ಇಂಗ್ಲಿಷ್ ಅಕ್ಷರದಾಗ ಕೊಂಕಣಿ.
ಓದಬಾರದು ಅಂತ ಮಾರಿ ಗ್ವಾಡಿ ಕಡೆ ಮಾಡತೀನಿ,
ಆದ್ರ ಕಾಗದ ಬಿಸಿ ಇರತಾವ, ಕೈಗೆ ಬಂದು ಮಾತಾಡತಾವ.
ಬಾವಿ ಮೋಟರ್ ಕೆಟ್ಟೈತಿ.
ಇವತ್ತ ಬೆರಳು ಕೊಯ್ಕೊಂಡೆ, ದೊಡ್ಡ ಗಾಯ ಅಲ್ಲ.
ಮಲಗಿದಿ?
ಮಲಗಿದಿ?
ಮಲಗಿದಿ?
ಹದಿನೇಳು ಪುಟ ಬರೇ ಇದ.
"ಇವನ್ನೂ ಹಾಕೂದೇನವಾ?" ಅಂದೆ.
"ಹಾಕು" ಅಂದ್ಲು. "ಮತ್ತೇನೈತಿ ನಮ್ಮ ಹಂತ್ಯಾಕ?"

ಇದೇ ಪಿಯೆದಾದ, ನಾ ಗದಗಿನಿಂದ ಬಂದು ಅಂಗಡಿ ತಗದ ಹೊಸದರಾಗ,
ಎರಡು ರೂಪಾಯಿ ಚಿಲ್ಲರಕ್ಕ ಜಗಳಾ ತಗದು
"ಘಾಂಟಿ" ಅಂದಿದ್ಲು ನನಗ. ನಿನ್ನ ಘಟ್ಟಕ್ಕ ನೀ ಹೋಗು ಅಂದಿದ್ಲು.
ಮೊನ್ನೆ ಅಲ್ಲಿ ಅವಳ ಗಂಡನ ಬಾಗಲಿಗೆ
ಯಾರೋ ಅಂಥದ ಒಂದು ಮಾತು ಬರದು ಅಂಟಿಸಿದ್ರಂತ.
ಹೇಳಿ ಸುಮ್ಮನ ಕುಂತ್ಲು.
ಯಂತ್ರ ಕಾದಿತ್ತು, ಆರಲಿ ಅಂತ ನಾನೂ ಕುಂತೆ.
ತಪ್ಪಾತು ಅನ್ನಲಿಲ್ಲ; ಅಂದಿದ್ರ ನಾ ಏನನ್ನಬೇಕಿತ್ತೋ.
ಹೋಗುವಾಗ ಒಂದು ಬಾಟಲಿ ಕೋಕಂ ಬಿಟ್ಟು ಹೋದ್ಲು.

ಮೊದಲು ಮೂರು ಮಂದಿ ಇದ್ವಿ, ಈಗ ಮೂವತ್ತೊಂದು.
ಸಂಘಕ್ಕ ಹೆಸರಿಲ್ಲ, ಬುಧವಾರದವರು ಅಷ್ಟ.
ರಿಟೈರ್ ಆದ ಕಾಯತಾನ್ ಮಾಸ್ತರು ನಮ್ಮ ಅರ್ಜಿ ತಿದ್ದತಾರ,
"ಬೇಡಿಕೊಳ್ಳುತ್ತೇವೆ" ಹೊಡದು ಹಾಕಿ
"ಕೇಳುತ್ತೇವೆ" ಅಂತ ಬರೀತಾರ, ಕೆಂಪು ಶಾಯಿಲೇ.
ಒಂದಿನ ಕದಂಬ ಬಸ್ ಹತ್ತಿ ಪಣಜಿಗೆ ಹೋದ್ವಿ.
ಸಾಹೇಬರು ಚಾ ತರಿಸಿದ್ರು.
"ಕಾಯ್ದೆ ಅಲ್ಲಿಯದು, ನಾವೇನು ಮಾಡೂನು" ಅಂದ್ರು.
ಬಸ್ಸಿನ್ಯಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು
ಮಾಸ್ತರಿಗೂ ನೆನಪಾಗಲಿಲ್ಲ.
ಎರ್ಮೆಲಿಂಡಾನ ಮಗ ಝೆಫೆರಿನ್, ನಾಕು ವರ್ಷದಾಂವ,
ಮೇಜಿನ ಮ್ಯಾಲ ಚಾರ್ಜಿಗಿಟ್ಟ ಫೋನು ಮುಟ್ಟಿ ಕೇಳಿದ:
"ಇದರಾಗ ಯಾರ ಪಾಯ್ ಇದ್ದಾನ?"
ಸಾಹೇಬರು ಫೋನು ಬೋರಲು ಹಾಕಿದ್ರು.
ಚಾದ ಮ್ಯಾಲ ಕೆನಿ ಕಟ್ಟಿತ್ತು.

ಅಲ್ಲಿಯ ಮಂತ್ರಿಗೆ, ಅಲ್ಲಿಯ ಚುನಾಯಿತ ಮೆಂಬರಿಗೆ,
ಗಂಡಂದಿರ ಊರಿನ ಚರ್ಚಿನ ಪಾದ್ರಿಗೆ
ಮೂವತ್ತೊಂದು ಪತ್ರ, ಮೂರು ಮೂರು ಪ್ರತಿ.
ಬಂದ ಉತ್ತರ ಎರಡು. ಒಂದರಾಗ ಬರೇ ನಂಬರು.
ಇನ್ನೊಂದು ಯಾವುದೋ ಮುದುಕಿ ಕೈಬರಹ:
ನನ್ನ ಸೊಸೀನೂ ಹಿಂಗ ಕಾಯಾಕತ್ತಾಳ, ಬ್ಯಾರೆ ದೇಶದಾಗ,
ನಿಮ್ಮ ಪತ್ರ ನಮ್ಮ ಓಣ್ಯಾಗ ಹಂಚತೀನಿ.
ಅದನ್ನ ದೊಡ್ಡದು ಮಾಡಿ ಗ್ವಾಡಿಗೆ ಹಚ್ಚೀನಿ,
ಪಾಸ್‌ಪೋರ್ಟ್ ಫೋಟೋ ರೇಟಿನ ಪಕ್ಕಕ್ಕ.

ಹೋದ ವಾರ ಕ್ವಿತೇರಿಯಾಗ ವೀಸಾ ಬಂತು.
ಕುಣೀಲಿಲ್ಲ. ಉಳಿದವರ ಮುಖ ನೋಡಿದ್ಲು,
ಫೈಲಿನ ಕಾಗದೆಲ್ಲಾ ಹೊರಗ ತಗದು
ಖಾಲಿ ಫೈಲು ನನ್ನ ಕಡೆ ಸರಿಸಿದ್ಲು.

ಇವತ್ತ ಅದನ್ನ ಹಿಡಕೊಂಡು ಕುಂತಾಕಿ ಹಜರತ್‌ಬಿ,
ಜುವಾರಿನಗರದಾಕಿ, ರೋಣದ ಕಡೆ ಮಾತು.
ಗಂಡ ಕತಾರಿನ್ಯಾಗ, ಆರು ವರ್ಷ.
"ಅಕ್ಕಾ, ಇಲ್ಲೇನು ಕಾಗದಾ ಮಾಡೂದು?"
ಮದುವಿ ಫೋಟೋ ಮುಚ್ಚಳದ ಕೆಳಗ ಇಟ್ಟೆ. ಬೆಳಕು ಹಾಯ್ತು.
ಕಪ್ಪಾಗಿ ಬಂತು, ಇಬ್ಬರ ಮಾರೀನೂ ಕಾಣವಲ್ದು.
ತಡಿ ಅಂದೆ.
ಒಂದು ಗುಂಡಿ ಒತ್ತಿ ತುಸು ತಿಳಿ ಮಾಡಿದೆ,
ಮತ್ತ ಇಟ್ಟೆ.