ಹಿಮ ನಿಲ್ಲದ ಗುಡ್ಡ

ಒಸ್ಟ್ರಾವಾದ ನಮ್ಮ ಆಸ್ಪತ್ರೆಯ ಆರನೆಯ ಮಹಡಿಯಿಂದ
ಎಮಾ ಕಾಣುತ್ತಾಳೆ.
ಗಣಿ ಬಗೆದು ಸುರಿದ ಕಸದ ಗುಡ್ಡ, ಹೆಸರು ಮಾತ್ರ ಹೆಣ್ಣಿನದು.
ಒಳಗೆ ಎಂದೋ ಹೊತ್ತಿಕೊಂಡದ್ದು ಇನ್ನೂ ಆರಿಲ್ಲ.
ಜ್ವಾಲೆಯಿಲ್ಲ, ಸದ್ದಿಲ್ಲ,
ನೆತ್ತಿಯಲ್ಲಿ ಒಂದೆಳೆ ಹೊಗೆ.
ಊರೆಲ್ಲ ಬಿಳಿಯಾದ ಜನವರಿಯಲ್ಲೂ
ಅವಳ ತಲೆಯ ಮೇಲೆ ಹಿಮ ನಿಲ್ಲುವುದಿಲ್ಲ.

ನನ್ನ ಕೆಲಸ ಕೊಬ್ಬು ಕೊಯ್ಯುವುದು.
ನಗಬೇಡಿ. ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೆರೆದು,
ಬಣ್ಣ ಹಾಕಿ ಗಾಜಿನ ಮೇಲೆ ಮಲಗಿಸುವುದು.
ಈ ವಾರದ್ದು, ಪಿತ್ತಕೋಶದ ಆಪರೇಷನ್ನಿನಲ್ಲಿ
ಸಹಿ ಹಾಕಿ ಕೊಟ್ಟ ಚೂರು,
ಬಾದಾಮಿಯಷ್ಟು, ಬೆಣ್ಣೆಯ ಬಣ್ಣ.
ಕೊಟ್ಟಾತ ಒತಾಕರ್ ಹ್ಲಾವಿಂಕಾ, ವಯಸ್ಸು ಎಪ್ಪತ್ತೊಂದು,
ಗಣಿಯ ರಕ್ಷಣಾ ದಳದಲ್ಲಿ ಇಪ್ಪತ್ತಾರು ವರ್ಷ.

ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ಮುದುಕ
ಲಿಫ್ಟಿನಲ್ಲಿ ಆರನ್ನು ಒತ್ತಿ, ಟೋಪಿ ಕೈಯಲ್ಲಿ ಹಿಡಿದು,
"ನನ್ನದನ್ನು ನಾನೇ ನೋಡಬಹುದೇ?" ಎಂದ.
ನಿಯಮದಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಸ್ಟೂಲು ಎಳೆದು ಕೊಟ್ಟೆ.

ಮೊದಲು ಕಂಡದ್ದು ತನ್ನದೇ ರೆಪ್ಪೆಗೂದಲು.
ಆಮೇಲೆ ಜೇನುಹುಟ್ಟು,
ಕೋಣೆಗೆ ಕೋಣೆ ಒತ್ತಿಕೊಂಡು ಖಾಲಿ ಹೊಳೆವ ಕಣಗಳು.
"ಎಣ್ಣೆ ಎಲ್ಲಿ?"
ನಮ್ಮ ದ್ರಾವಣ ತೊಳೆದುಬಿಟ್ಟಿದೆ,
ಉಳಿದದ್ದು ಪಾತ್ರೆಯ ಅಂಚು.

ಇಷ್ಟು ವರ್ಷ ಇವು ಬಂದದ್ದನ್ನೆಲ್ಲ ಇಟ್ಟುಕೊಂಡವು,
ಹಂದಿಮಾಂಸದ ಗೊಜ್ಜು, ಪಾಳಿ ಮುಗಿದ ಬೆಳಗಿನ ಬಿಯರು,
ನಾಳೆ ಸಿಗದಿದ್ದರೆ ಎಂಬ ಅಜ್ಜಿಯ ಭಯ.
ಬೇಡವೆನ್ನಲು ಬಾರದೆ ಉಬ್ಬಿದವು,
ಉಬ್ಬಿ ಉಬ್ಬಿ ಉಸಿರು ಸಾಲದಾದವು.
ಕೊಬ್ಬು ಹೆಚ್ಚಿದೆ ಎಂದು ಬೈಯುವ ಮಾತಿನಲ್ಲಿ
ಸೊಕ್ಕಿನ ವಾಸನೆಯಿದೆ. ಇಷ್ಟು ಕೊಯ್ದರೂ
ನನಗೆ ಸೊಕ್ಕು ಕಂಡಿಲ್ಲ,
ಉಗ್ರಾಣದ ಸುಸ್ತು ಕಂಡಿದೆ.

ಗಾಜನ್ನು ಒಂದು ಎಳೆಯಷ್ಟು ಎಡಕ್ಕೆ ಸರಿಸಿದೆ.
ಅಲ್ಲಿ ಒಂದು ಕಣ ಸತ್ತಿತ್ತು.
ಸುತ್ತ ನೇರಳೆ ಚುಕ್ಕೆಗಳು
ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು.
"ಇದಕ್ಕೆ ಕಿರೀಟ ಅನ್ನುತ್ತೇವೆ," ಎಂದೆ.
"ಇವು ಭಕ್ಷಕ ಕಣ. ಕಾಯಲು ಬಂದವೇ ಉರಿಯೂತ ಹಚ್ಚುತ್ತವೆ,
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ."

ಬಹಳ ಹೊತ್ತು ತಲೆ ಎತ್ತಲಿಲ್ಲ.
"ಕಿರೀಟವಲ್ಲ," ಎಂದ ಕೊನೆಗೆ.
"ಎಂಟುನೂರು ಮೀಟರ್ ಕೆಳಗೆ ನಾವು ಹೀಗೇ ನಿಲ್ಲುತ್ತಿದ್ದೆವು,
ಹಣೆಯ ದೀಪಗಳನ್ನೆಲ್ಲ ಒಂದೇ ಕಡೆ ತಿರುಗಿಸಿ.
ನಡುವೆ ಬಿದ್ದವನು.
ಹೊರಲಾಗದಿದ್ದರೆ ಇನ್ನಷ್ಟು ಜನ ಬೇಕು,
ಮೇಲೆ ಸೈರನ್ ಕೂಗಿಸುತ್ತಾರೆ.
ಇವರಿಗೆ ಯಾರೂ, ಸಾಕು, ಮನೆಗೆ ಹೋಗಿ ಅಂದಿಲ್ಲ.
ಅಷ್ಟೇ."

ಹೇಳಬೇಕೆಂದಿದ್ದೆ:
ಆ ಸೈರನ್ನೇ ರೋಗ.
ಅದು ರಕ್ತಕ್ಕಿಳಿದು ಯಕೃತ್ತಿನ ಬಾಗಿಲು ಬಡಿಯುತ್ತದೆ,
ಆ ಗದ್ದಲದಲ್ಲಿ ಇನ್ಸುಲಿನ್ ಎಷ್ಟು ಕರೆದರೂ
ಸ್ನಾಯು ಓಗೊಡುವುದಿಲ್ಲ.
ನಿಮ್ಮ ಸಕ್ಕರೆಯ ಚೀಟಿಯಲ್ಲಿರುವ ಅಂಕಿಯೊಳಗೆ ಆ ಕೂಗೂ ಇದೆ.
ಹೇಳಲಿಲ್ಲ. ಗೊತ್ತಿರಬೇಕು,
ಇಪ್ಪತ್ತಾರು ವರ್ಷ ಕಿವಿ ತೆರೆದೇ ಮಲಗಿದವನಿಗೆ.

"ಆ ಮೂಲೆಯವನು,"
ಬೆರಳು ಗಾಜಿನವರೆಗೆ ಹೋಗಿ ಹಿಂದೆ ಸರಿಯಿತು,
"ದಣಿದಿದ್ದಾನೆ. ನೋಡಿ, ಸತ್ತವನ ಎಣ್ಣೆಯನ್ನೆಲ್ಲ ತಾನೇ ಕುಡಿದು
ನೊರೆನೊರೆಯಾಗಿದ್ದಾನೆ."

ಟೋಪಿ ಹಾಕಿಕೊಂಡು ಹೋದ.
ನಾನು ಚೀಟಿ ಬರೆದೆ: ಹೊಟ್ಟೆಯ ಒಳಕೊಬ್ಬು. ಗಂಡು.
ಒಟ್ಟು, ಏಳು.
ಏಳು ಏನು ಎಂಬ ಜಾಗದಲ್ಲಿ ಪೆನ್ನು ನಿಂತಿತು.

ಕಿಟಕಿಯಾಚೆ ಹಿಮ ಶುರುವಾಗಿತ್ತು.
ಕಾರುಗಳು, ಟ್ರಾಮಿನ ನೆತ್ತಿ, ತಂಗುದಾಣದಲ್ಲಿ ಕಾಯುತ್ತಿದ್ದ ಒಂದು ಟೋಪಿ
ಒಂದೊಂದಾಗಿ ಬಿಳಿಯಾದವು.
ಎಮಾ ಮಾತ್ರ ಒದ್ದೆಯಾದಳು.
ಹತ್ತಿ ನೋಡಿದವರು ಹೇಳುತ್ತಾರೆ,
ಅಲ್ಲಿ ಈಗಲೂ ಹುಲ್ಲು ಹಸಿರಾಗಿದೆ,
ಕೈಯಿಟ್ಟರೆ ನೆಲ ಬೆಚ್ಚಗಿದೆ,
ಜ್ವರದ ಮಗುವಿನ ಹಣೆಯ ಹಾಗೆ.